ಕಸ ಅಲ್ಲ

ಸರೋಜಿನಿ ಮೇಡಂ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳಿಸುತ್ತಿತ್ತು. ಹೆಗಲಿನಲ್ಲಿ ಒಂದು ದಪ್ಪ ಬಟ್ಟೆಯ ಚೀಲ. ಅದರೊಳಗೆ ಊಟದ ಸ್ಟೀಲ್ ಕ್ಯಾರಿಯರ್, ನೀರಿನ ಸ್ಟೀಲ್ ಬಾಟಲಿ, ಚಹಾಕ್ಕೆ ಸ್ಟೀಲ್ ಲೋಟ, ದಾರಿಯಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಇರಲಿ ಎಂದು ಸಣ್ಣ ದೊಡ್ಡ ಖಾಲಿ ಡಬ್ಬಿಗಳು. ಮಣಿಪಾಲದ ನಮ್ಮ ಲ್ಯಾಬಿನ ಮೆಟ್ಟಿಲಿನಲ್ಲಿ ಖಣಖಣ ಎಂದು ಕೇಳಿದರೆ ಸಾಕು, ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದ ನಾವೆಲ್ಲ ಕಾಫಿಯನ್ನು ಸಿಂಕಿಗೆ ಸುರಿದು, ಲೋಟವನ್ನು ಬಿಳಿ ಕೋಟಿನ ಕಿಸೆಗೆ ತುರುಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಿಂತುಬಿಡುತ್ತಿದ್ದೆವು. ಮೇಡಂ ಒಳಗೆ ಬಂದವರೇ ಮೂಗು ಅರಳಿಸುವರು. "ಕಾಫಿಯ ಪರಿಮಳ ಉಂಟು, ಲೋಟ ಕಾಣುವುದಿಲ್ಲ. ಯಾರ ಕಿಸೆಯಲ್ಲಿ ಉಂಟು ಮಾರಾಯ್ತಿ?" ಎನ್ನುವರು. ಕಿಸೆಯಿಂದ ಕಾಫಿ ತೊಟ್ಟಿಕ್ಕುತ್ತಿದ್ದವಳು ಹೆಚ್ಚಾಗಿ ನಾನೇ.

ಬೆನ್ನ ಹಿಂದೆ ಎಲ್ಲರಿಗೂ ಅವರು ಸ್ಟೀಲ್ ಮೇಡಂ. ಅವರು ನಿಜವಾಗಿ ಮಾಡುತ್ತಿದ್ದ ಕೆಲಸವನ್ನು ಹೇಳಬೇಕಾದರೆ ಸ್ವಲ್ಪ ಉಸಿರು ಬೇಕು. ಬಸುರಿಯ ಗರ್ಭಕೋಶದಲ್ಲಿ ಮಗುವಿನ ಜೊತೆಗೇ ಬೆಳೆಯುವ ಜರಾಯು ಎಂಬ ಅಂಗ ಉಂಟಲ್ಲ, ಬಸಿರು ನಿಲ್ಲಲಿಕ್ಕೆ ಬೇಕಾದ ಹಾರ್ಮೋನುಗಳನ್ನು ತಯಾರು ಮಾಡುವುದು ಅದೇ. ಪ್ಲಾಸ್ಟಿಕ್ಕಿನಿಂದಲೂ ಇನ್ನಿತರ ಹಾಳುಮೂಳುಗಳಿಂದಲೂ ಸೋರಿ ದೇಹಕ್ಕೆ ಸೇರುವ ಕೆಲವು ರಾಸಾಯನಿಕಗಳು ಆ ತಯಾರಿಗೆ ಹೇಗೆ ಅಡ್ಡ ಬರುತ್ತವೆ ಎಂದು ಹುಡುಕುವುದು ಅವರ ಕೆಲಸ. ಎಂ.ಎಸ್ಸಿ. ಮುಗಿಸಿ, ಮದುವೆಯೂ ಆಗಿ, ಮನೆಯಲ್ಲಿ ಕುಳಿತು ಬೇಜಾರಾಗಿದ್ದ ನಾನು ಅವರ ಸಹಾಯಕಿಯಾಗಿ ಸೇರಿಕೊಂಡೆ. ಹೆಸರು ಸುಜಾತ, ತವರು ಕಾರ್ಕಳ, ಗಂಡನ ಮನೆ ಇನ್ನಂಜೆ. ಮೊದಲ ದಿನವೇ ನನ್ನ ಊಟದ ಡಬ್ಬಿಯನ್ನು ತಟ್ಟಿ ನೋಡಿ, "ಇದು ಮಾತಾಡುವುದಿಲ್ಲ. ಡಬ್ಬಿ ಅಂದರೆ ಮಾತಾಡಬೇಕು" ಎಂದಿದ್ದರು.

ಅವರು ಉಡುಪಿಯ ಅಡುಗೆ ಭಟ್ಟರ ಮಗಳು. ತಂದೆ ಮದುವೆ ಮುಂಜಿಗಳ ದೊಡ್ಡ ಅಡುಗೆಗೆ ಹೋಗುತ್ತಿದ್ದವರು. ಮಗಳು ತೆಂಗಿನಕಾಯಿ ತುರಿಯುತ್ತ ತುರಿಯುತ್ತ ಓದಿ ಡಾಕ್ಟರೇಟಿನವರೆಗೆ ಹೋದವರು. ಹಾಗಾಗಿ ವಿಜ್ಞಾನ ಕೂಡ ಅವರ ಬಾಯಲ್ಲಿ ಬಾಳೆಎಲೆಯ ಮೇಲೆಯೇ ಬೀಳುತ್ತಿತ್ತು. "ಜರಾಯು ಅಂದರೆ ಎಂತ? ಮದುವೆಗೆ ಹಿತ್ತಲಿನಲ್ಲಿ ಚಪ್ಪರ ಹಾಕಿ ಒಲೆ ಹೂಡ್ತಾರಲ್ಲ, ಅದು. ಮೊದಲ ಕೆಲವು ವಾರ ಅಂಡಾಶಯದ ಮನೆಯಿಂದ ಊಟ ಬರ್ತದೆ. ಆಮೇಲೆ ಅವರು ಕೈ ತೊಳೆದುಕೊಳ್ತಾರೆ, ಚಪ್ಪರದ ಒಲೆ ಹತ್ತಬೇಕು. ಪ್ರೊಜೆಸ್ಟಿರೋನ್ ಅನ್ನುವ ಸಾರು ಹೊತ್ತುಹೊತ್ತಿಗೆ ಬಡಿಸ್ತಾ ಇದ್ದರೆ ಗರ್ಭಕೋಶ ಗಲಾಟೆ ಮಾಡದೆ ಕೂತುಕೊಳ್ತದೆ. ಸಾರು ತಡವಾದರೆ ಪಂಕ್ತಿಯಲ್ಲಿ ಗಲಾಟೆ. ಹೌದಾ ಅಲ್ವಾ?"

"ಹೌದು ಮೇಡಂ. ಈ ರಾಸಾಯನಿಕ ಎಲ್ಲಿ ಬರ್ತದೆ?"

"ಅದು ಕರೆಯದೆ ಬಂದ ನೆಂಟ. ಬಂದವನು ಉಂಡು ಹೋದರೆ ಅಡ್ಡಿ ಇಲ್ಲ. ಇವ ಹಾರ್ಮೋನಿನ ವೇಷ ಹಾಕಿ, ಪಂಚೆ ಎತ್ತಿ ಕಟ್ಟಿ, ಬಡಿಸುವವರ ಸಾಲಿನಲ್ಲಿ ನಿಂತುಬಿಡ್ತಾನೆ. ಕೈಯಲ್ಲಿ ಸೌಟು ಉಂಟು, ಪಾತ್ರೆಯಲ್ಲಿ ಸಾರಿಲ್ಲ. ಉಣ್ಣುವವರಿಗೆ ಬಡಿಸಿದ ಹಾಗೆ ಕಾಣ್ತದೆ, ಎಲೆ ಖಾಲಿ. ಇನ್ನೊಬ್ಬ ಒಳಗೆ ಹೋಗಿ ಒಲೆಯ ಕಟ್ಟಿಗೆಯನ್ನೇ ಎಳೀತಾನೆ. ಅವನ ಕಥೆ ನಾಳೆ."

ಮದುವೆಯ ಇಷ್ಟು ಮಾತಾಡುವವರು ಮದುವೆಯಾಗಿರಲಿಲ್ಲ. ಯಾರಾದರೂ ಕೆದಕಿದರೆ, "ನಾವು ಅಡುಗೆಯವರು. ಮದುವೆಗೆ ಹೋಗುವುದು ಅಡುಗೆ ಮಾಡ್ಲಿಕ್ಕೆ, ಆಗ್ಲಿಕ್ಕಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ನಾಚಿಕೆ. ಮಿಷನ್ನಿನಿಂದ ಬರುವ ಆ ನುಣುಪು ಕಾಗದದ ಟಿಕೆಟನ್ನು ಅವರು ಮುಟ್ಟುತ್ತಿರಲಿಲ್ಲ. ಅದರಲ್ಲಿಯೂ ಪ್ಲಾಸ್ಟಿಕ್ಕಿನಲ್ಲಿರುವಂಥದ್ದೇ ಒಂದು ರಾಸಾಯನಿಕದ ಲೇಪ ಇರಬಹುದು, ಬೆರಳಿನಿಂದ ಚರ್ಮಕ್ಕೆ ಇಳಿಯುತ್ತದೆ ಎಂದು ಅವರ ವಾದ. ವಾದ ಸರಿಯೇ ಇರಬಹುದು, ಆದರೆ ಉಡುಪಿ ಮಣಿಪಾಲದ ಸಿಟಿ ಬಸ್ಸಿನಲ್ಲಿ ಒಂದು ಕಾಲಿನಲ್ಲಿ ನಿಂತ ಕಂಡಕ್ಟರನಿಗೆ ಅದನ್ನೆಲ್ಲ ವಿವರಿಸುವುದುಂಟೇ? ಇವರು ವಿವರಿಸಿದರು. ಅವನು ಕೇಳಿ, "ಟಿಕೆಟ್ ತಗೊಳ್ಳದಿದ್ದರೆ ಚೆಕಿಂಗಿನವರು ನನ್ನನ್ನು ಹಿಡೀತಾರೆ ಮೇಡಂ, ನಿಮ್ಮ ರಾಸಾಯನಿಕವನ್ನಲ್ಲ" ಎಂದ. ಆವತ್ತಿನಿಂದ ಒಪ್ಪಂದವಾಯಿತು: ಮೇಡಂ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ಮುಚ್ಚಳ ಎತ್ತಿ ಹಿಡಿಯುವುದು, ಕಂಡಕ್ಟರ್ ಕಾಣಿಕೆ ಡಬ್ಬಿಗೆ ಹಾಕಿದ ಹಾಗೆ ಟಿಕೆಟನ್ನು ಅದರೊಳಗೆ ಬಿಡುವುದು.

ಒಮ್ಮೆ ಚೆಕಿಂಗಿನವರು ಹತ್ತಿಯೇಬಿಟ್ಟರು. ಮೇಡಂ ಗಂಭೀರವಾಗಿ ಡಬ್ಬಿ ತೆರೆದು ಮುಂದೆ ಹಿಡಿದರು. ಅದರೊಳಗೆ ಮಳೆಗಾಲ ಶುರುವಾದಂದಿನಿಂದ ಬಿದ್ದ ಟಿಕೆಟುಗಳೆಲ್ಲ ಒತ್ತೊತ್ತಾಗಿ ಕುಳಿತಿದ್ದವು. "ಇವತ್ತಿನದ್ದು ಮೇಲೆ ಎಲ್ಲೋ ಉಂಟು, ಹುಡುಕಿ. ಹಳೆಯದು ಮಾಸಿ ಹೋಗಿರ್ತದೆ, ಓದ್ಲಿಕ್ಕೆ ಆಗುವುದು ಇವತ್ತಿನದ್ದು ಮಾತ್ರ." ಆ ಮನುಷ್ಯ ಬಸ್ಸು ನಿಲ್ಲಿಸಿ, ಬೆರಳು ಹಾಕಿ ಒಂದೊಂದನ್ನೇ ಬಿಡಿಸಿ ನೋಡಿದ. ಇಡೀ ಬಸ್ಸು ಕತ್ತು ಉದ್ದ ಮಾಡಿತು. ಕೊನೆಗೆ ಸಿಕ್ಕಿತು. ಅವನು ಬೆವರು ಒರೆಸಿಕೊಂಡು ಇಳಿಯುವಾಗ ಮೇಡಂ ಕಿಟಕಿಯಿಂದ ತಲೆ ಹಾಕಿ, "ಊಟಕ್ಕೆ ಮೊದಲು ಕೈ ಸೋಪಿನಲ್ಲಿ ತೊಳೀರಿ ಆಯ್ತಾ!" ಎಂದು ಕೂಗಿ ಹೇಳಿದರು. ನಾನು ಆ ಬಸ್ಸಿಗೂ ಆ ಚೀಲಕ್ಕೂ ಸಂಬಂಧವಿಲ್ಲದವಳ ಹಾಗೆ ಹೊರಗಿನ ಬೋರ್ಡುಗಳನ್ನು ಓದುತ್ತ ಕುಳಿತಿದ್ದೆ.

ನಮ್ಮ ಸಂಶೋಧನೆಗೆ ಜರಾಯು ಬೇಕಿತ್ತು. ಹೆರಿಗೆಯಾದ ಮೇಲೆ ಅದು ಯಾರಿಗೂ ಬೇಡದ ವಸ್ತು, ಆದರೆ ಅದರ ಒಡತಿಯ ಒಪ್ಪಿಗೆ ಇಲ್ಲದೆ ಮುಟ್ಟುವ ಹಾಗಿಲ್ಲ. ಕಾರ್ಕಳದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಮಗೆ ಅನುಮತಿ ಸಿಕ್ಕಿತ್ತು. ಮೊದಲ ದಿನ ಮೇಡಂ ಶುದ್ಧ ಕನ್ನಡದಲ್ಲಿ ತಯಾರಾಗಿ ಬಂದರು. ತುಂಬಿದ ಬಸುರಿಯ ಮಂಚದ ಪಕ್ಕ ನಿಂತು, ಕೈ ಜೋಡಿಸಿ, "ತಾಯಿ, ನಿಮ್ಮ ಜರಾಯುವನ್ನು ನಮ್ಮ ಸಂಶೋಧನೆಗೆ ಕೊಡುತ್ತೀರಾ?" ಎಂದರು.

ಬಸುರಿ ಪಕ್ಕದಲ್ಲಿದ್ದ ಅಜ್ಜಿಯ ಮುಖ ನೋಡಿದಳು. ಅಜ್ಜಿ ಕಿವಿ ಮುಂದೆ ಮಾಡಿ, "ಜಟಾಯುವಾ? ಅದು ರಾಮಾಯಣದ್ದಲ್ವಾ?" ಎಂದಿತು.

"ಜಟಾಯು ಅಲ್ಲ ಅಜ್ಜಿ, ಜರಾಯು."

"ರಾವಣ ರೆಕ್ಕೆ ಕಡಿದದ್ದು. ನಮ್ಮಲ್ಲಿ ಎಂತಕ್ಕೆ ಇರ್ತದೆ ಅದು?"

ಪುಸ್ತಕದ ಶಬ್ದ ಕೈಕೊಟ್ಟಿತು. ದನ ಕರು ಹಾಕಿದ ಮೇಲೆ 'ಕಸ ಬಿತ್ತಾ?' ಎಂದು ಎಲ್ಲರೂ ಕೇಳುತ್ತಾರಲ್ಲ, ಮೇಡಂ ಆ ಶಬ್ದಕ್ಕೆ ಇಳಿದರು. "ಹೆರಿಗೆ ಆದ ಮೇಲೆ ಕಸ ಇರ್ತದಲ್ಲ ಅಜ್ಜಿ, ಆ ಕಸ ನಮಗೆ ಬೇಕಿತ್ತು."

"ಕಸವಾ!" ಅಜ್ಜಿಯ ಮುಖ ಅರಳಿತು. "ಧಾರಾಳ ಕೊಂಡುಹೋಗಿ. ಮನೆಯಲ್ಲಿಯೂ ಒಂದು ರಾಶಿ ಉಂಟು, ಪಂಚಾಯತಿನ ಗಾಡಿ ಬಾರದೆ ವಾರ ಆಯ್ತು. ಒಣ ಕಸ ಬೇರೆಯೇ ಇಟ್ಟಿದ್ದೇವೆ."

ಮೇಡಂ ಮಂಚದ ಸರಳು ಹಿಡಿದು ನಕ್ಕ ನಗೆಗೆ ಪಕ್ಕದ ಮಂಚದಲ್ಲಿದ್ದವಳಿಗೆ ನೋವು ಶುರುವಾಯಿತೆಂದು ನರ್ಸು ಇವತ್ತಿಗೂ ಹೇಳುತ್ತಾಳೆ. ಆ ಅಜ್ಜಿಯ ಮೊಮ್ಮಗಳಿಗೆ ಕುಳಿತು ವಿವರಿಸಿ, ಅವಳು ಅರ್ಥ ಮಾಡಿಕೊಂಡು ಒಪ್ಪಿದ ಮೇಲೆಯೇ ಅಲ್ಲಿಂದ ಎದ್ದರು. ಶಬ್ದ ಮಾತ್ರ ಕಸವೇ ಗಟ್ಟಿಯಾಯಿತು. ಲ್ಯಾಬಿನ ಫ್ರೀಜರಿನ ಪೆಟ್ಟಿಗೆಯ ಮೇಲೂ ಮೇಡಂ ತಮ್ಮ ಗುಂಡು ಅಕ್ಷರದಲ್ಲಿ 'ಕಾರ್ಕಳದ ಕಸ' ಎಂದೇ ಬರೆದು ಅಂಟಿಸಿದರು.

ಏನಾಗಬೇಕೋ ಅದೇ ಆಯಿತು. ಫ್ರೀಜರಿನ ಮಂಜು ಕರಗಿಸಲೆಂದು ಪೆಟ್ಟಿಗೆಯನ್ನು ಐಸಿನ ಜೊತೆ ಹೊರಗಿಟ್ಟ ದಿನ, ಗುಡಿಸಲು ಬರುವ ಅಪ್ಪಿಯಕ್ಕ ಅದನ್ನು ಎತ್ತಿ ಆಸ್ಪತ್ರೆಯ ತ್ಯಾಜ್ಯದ ಗಾಡಿಗೆ ಹಾಕಿಬಿಟ್ಟಿದ್ದರು. ತಿಂಗಳುಗಟ್ಟಲೆ ಕಾರ್ಕಳಕ್ಕೆ ಅಲೆದ ಕೆಲಸ, ಹೋಯಿತು. ಮೇಡಂ ಬಂದು ನೋಡಿದರು. ಅಪ್ಪಿಯಕ್ಕ ಸೊಂಟಕ್ಕೆ ಕೈಯಿಟ್ಟು, "ಕಸ ಅಂತ ನೀವೇ ಬರೆದದ್ದಲ್ವಾ ಮೇಡಂ? ಇನ್ನು ಚಿನ್ನ ಅಂತ ಬರೀರಿ, ಲಾಕರಿನಲ್ಲಿ ಇಡ್ತೇನೆ" ಎಂದರು. ಮೇಡಂ ಕುರ್ಚಿಯಲ್ಲಿ ಕುಳಿತು ಒಂದು ಲೋಟ ನೀರು ಕುಡಿದು, ಹೊಸ ಚೀಟಿ ತೆಗೆದು, 'ಕಸ ಅಲ್ಲ' ಎಂದು ಬರೆದರು. ಆಮೇಲೆ ನಮ್ಮ ಎಲ್ಲ ಪೆಟ್ಟಿಗೆಗಳ ಮೇಲೂ ಅದೇ. ಹೊರಗಿನಿಂದ ಬಂದ ಒಬ್ಬ ದೊಡ್ಡ ಪ್ರೊಫೆಸರರು ಇದೇನೋ ಸಂಕೇತಾಕ್ಷರವೆಂದು ಬರೆದುಕೊಂಡೂ ಹೋದರು.

ಇನ್ನು ನನ್ನ ಅತ್ತೆಯ ವಿಷಯಕ್ಕೆ ಬರಬೇಕು. ನನ್ನ ಗಂಡ ಪ್ರವೀಣ ದುಬೈಯಲ್ಲಿದ್ದಾಗ ಪ್ರತಿ ರಜೆಗೂ ಅಮ್ಮನಿಗೆಂದು ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟು ತರುತ್ತಿದ್ದರು. ಈಗ ಕಟಪಾಡಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾರೆ, ಡಬ್ಬಿಗಳು ಮಾತ್ರ ದುಬೈಯ ಗತ್ತಿನಲ್ಲೇ ಇದ್ದವು. ಗುಲಾಬಿ ಮುಚ್ಚಳದ್ದರಲ್ಲಿ ಉಪ್ಪಿನಕಾಯಿ, ಹಸಿರಿನಲ್ಲಿ ಹುಣಸೆಹುಳಿ, ನೀಲಿಯದ್ದರಲ್ಲಿ ಕಾಯಿ ಅರೆದು ಮಾಡಿದ ಬಿಸಿಬಿಸಿ ಬಂಗುಡೆ ಮೀನಿನ ಗಸಿ. ಯಾರಾದರೂ ಬಂದರೆ ಅತ್ತೆ ಮೊದಲು ಡಬ್ಬಿ ತೋರಿಸುವುದು, ಆಮೇಲೆ ಕುಡಿಯಲು ಕೊಡುವುದು. ಆ ಅಡುಗೆಮನೆಯಿಂದ ನಾನು ಹೊರಟು ಮೇಡಂನ ಲ್ಯಾಬಿಗೆ ಹೋಗಿ, ಅಲ್ಲಿಂದ ಕಲಿತದ್ದನ್ನು ಸಂಜೆ ಈ ಅಡುಗೆಮನೆಗೆ ತರುತ್ತಿದ್ದೆ. ಮನೆಯಲ್ಲಿ ಶಾಂತಿ ಹೇಗಿದ್ದೀತು?

"ನಿನ್ನ ಟೀಚರಿಗೆ ಹೇಳು" ಎನ್ನುವರು ಅತ್ತೆ. ಎಲ್ಲರ ಮೇಡಂ ಅತ್ತೆಗೆ ಟೀಚರ್. "ನನ್ನ ಡಬ್ಬಿಯಲ್ಲಿ ಇಟ್ಟ ಗಸಿ ತಿಂದು ನನ್ನ ಮಗ ಆನೆ ಹಾಗೆ ಆಗಿದ್ದಾನೆ."

ಆ ಹೊತ್ತಿಗೆ ನಾನು ಬಸುರಿಯಾದೆ. ಮೂರನೆಯ ತಿಂಗಳಲ್ಲಿ ಅದು ನಿಲ್ಲಲಿಲ್ಲ. ಚಪ್ಪರದ ಒಲೆ ಹತ್ತಬೇಕಾದ ಹೊತ್ತು ಅದೇ ಎಂದು ನನಗೆ ಬಾಯಿಪಾಠ ಬರುತ್ತಿತ್ತು. ಅದೇ ನನ್ನನ್ನು ತಿಂದುಹಾಕಿತು. ಮನೆಗೆ ಬಂದವರು, "ಆ ಲ್ಯಾಬಿನಲ್ಲಿ ಎಂತೆಂತದೋ ಮುಟ್ಟುವುದು ಬೇಡ ಅಂತ ಹೇಳಬೇಕಿತ್ತು" ಎಂದರು. ಅತ್ತೆ ಎದ್ದು ಒಳಗೆ ಹೋದರು. ನನಗೋ ಕಣ್ಣು ಮುಚ್ಚಿದರೆ ನೀಲಿ ಡಬ್ಬಿಯೂ ಕಾಣುತ್ತಿತ್ತು, ಲ್ಯಾಬಿನ ಬಾಟಲಿಗಳೂ ಕಾಣುತ್ತಿದ್ದವು. ಯಾವುದರಿಂದ ಹೋಯಿತು? ನನ್ನಿಂದಲೇ ಹೋಯಿತೇ? ಮೇಡಂ ಹತ್ತಿರ ಕೇಳಬೇಕೆಂದು ದಿನಾ ಹೋಗುವುದು, ಕೇಳದೆ ಬರುವುದು. ಅವರು ಹೌದೆಂದುಬಿಟ್ಟರೆ ಎಂದು ಹೆದರಿಕೆ.

ಮರುವರ್ಷ ಮತ್ತೆ ಬಸುರಿಯಾದೆ. ಹೇಳಿದ ಕ್ಷಣವೇ ಮೇಡಂ ನನ್ನ ಬಿಳಿ ಕೋಟನ್ನು ಕಳಚಿಸಿ ತಾವೇ ಮಡಚಿ ಕಪಾಟಿಗೆ ಹಾಕಿದರು. "ಇನ್ನು ಬಾಟಲಿಯ ಹತ್ತಿರ ಬಂದರೆ ಕಾಲು ಮುರೀತೇನೆ. ಕಂಪ್ಯೂಟರಿನ ಮುಂದೆ ಕೂತುಕೋ." ಆ ಮೇಲೆ ದಿನಾ ತಮ್ಮ ಕ್ಯಾರಿಯರಿನ ಒಂದು ಅಂತಸ್ತು ನನಗೆ. ಸಿಹಿ ಹಾಕಿದ ಉಡುಪಿಯ ಸಾಂಬಾರನ್ನು ಮೀನಿಲ್ಲದೆ ನುಂಗುವುದು ನನ್ನ ಪಾಲಿಗೆ ಒಂದು ವ್ರತವೇ ಆಗಿತ್ತು, ಆದರೂ ನುಂಗಿದೆ. ಮೂರನೆಯ ತಿಂಗಳು ದಾಟುವವರೆಗೆ ಅವರು ನನ್ನ ಮುಂದೆ ಒಲೆ, ಚಪ್ಪರ, ಸಾರು ಎಂಬ ಶಬ್ದಗಳನ್ನು ಎತ್ತಲೇ ಇಲ್ಲ. ಮಾತಿನ ಮಲ್ಲಿಯಾದ ಅವರಿಗೆ ಅದು ಎಷ್ಟು ಕಷ್ಟವಾಗಿರಬೇಕೆಂದು ಈಗ ಅನ್ನಿಸುತ್ತದೆ.

ಏಳನೆಯ ತಿಂಗಳಿನಲ್ಲಿ ಇನ್ನಂಜೆಯಲ್ಲಿ ನನ್ನ ಬಯಕೆ ಇಟ್ಟುಕೊಂಡರು. ಬಸುರಿಗೆ ಹೂ ಮುಡಿಸಿ, ಬಳೆ ತೊಡಿಸಿ, ಆಸೆಪಟ್ಟದ್ದನ್ನೆಲ್ಲ ತಿನ್ನಿಸುವ ಶಾಸ್ತ್ರ. ಅಂಗಳದಿಂದ ಖಣಖಣ ಕೇಳಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮೇಡಂ ಬಂದು ನನಗೆ ಗಾಜಿನ ಬಳೆ ತೊಡಿಸಿದರು, ಹೆಸರುಬೇಳೆ ಪಾಯಸದ ದೊಡ್ಡ ಸ್ಟೀಲ್ ಡಬ್ಬಿ ಮುಂದಿಟ್ಟರು. ಅಷ್ಟಕ್ಕೆ ನಿಂತಿದ್ದರೆ ಆಗುತ್ತಿತ್ತು. ಆದರೆ ಅಡುಗೆಯವರ ಮಗಳ ಕಣ್ಣು ನೇರ ಒಳಗಿನ ಅಡುಗೆಮನೆಗೆ ಹೋಯಿತು. ಅತ್ತೆ ಒಲೆಯಿಂದ ಇಳಿಸಿದ ಗಸಿಯನ್ನು ಸೌಟಿನಿಂದ ನೀಲಿ ಡಬ್ಬಿಗೆ ಸುರಿಯುತ್ತಿದ್ದರು.

"ಲೀಲಾವತಿಯಕ್ಕಾ! ಬಂಗುಡೆ ಎಷ್ಟು ಬೇಕಾದರೂ ತಿನ್ನಿಸಿ, ನಾನು ಬೇಡ ಹೇಳುವುದಿಲ್ಲ. ಬಿಸಿಯಾದದ್ದನ್ನು ಅದಕ್ಕೆ ಮಾತ್ರ ಹಾಕಬೇಡಿ."

"ಹಾಕಿದರೆ ಎಂತ ಆಗ್ತದೆ ಟೀಚರೇ?"

"ಬಿಸಿಗೆ ಅದರಲ್ಲಿ ಇರುವುದು ಗಸಿಗೆ ಇಳೀತದೆ. ಗಸಿಯಿಂದ ಹೊಟ್ಟೆಗೆ. ಹೊಟ್ಟೆಯಲ್ಲಿರುವ..."

ಮೇಡಂ ಅಲ್ಲಿಗೇ ನಿಲ್ಲಿಸಿದರು. ತಡವಾಗಿತ್ತು. ಅತ್ತೆಯ ಕೈಯ ಸೌಟು ಗಸಿಯ ಸಮೇತ ನೆಲಕ್ಕೆ ಬಿತ್ತು. ಹೂ ಕಟ್ಟುತ್ತಿದ್ದ ಹೆಂಗಸರ ಕೈಗಳು ನಿಂತವು.

"ಹೇಳಿ ಟೀಚರೇ, ಪೂರ್ತಿ ಹೇಳಿ. ಹೋದ ಸಲ ಇವಳ ಮಗು ಹೋದದ್ದು ನನ್ನ ಡಬ್ಬಿಯಿಂದ ಅಂತಲಾ? ನನಗೂ ಕಿವಿ ಉಂಟು. ಇವಳು ದಿನಾ ಬಂದು ಹೇಳುವುದನ್ನು ನಾನು ಕೇಳದ ಹಾಗೆ ಮಾಡಿದ್ದೇನೆ, ಕೇಳದೆ ಇರಲಿಲ್ಲ. ಒಂದು ವರ್ಷದಿಂದ ನಾನು ಆ ಡಬ್ಬಿ ಮುಚ್ಚುವಾಗೆಲ್ಲ ಇದನ್ನೇ ಯೋಚನೆ ಮಾಡುವುದು. ಮೊಮ್ಮಗುವನ್ನು ನಾನೇ ತೆಗೆದೆನಾ? ಎಸೆಯುವ ಅಂದರೆ, ಎಸೆದರೆ ನಾನೇ ಒಪ್ಪಿಕೊಂಡ ಹಾಗೆ ಆಯಿತಲ್ಲ!"

ನಾನು ಮಣೆಯ ಮೇಲೆ ಹೂವಿನ ಜಡೆಯ ಭಾರ ಹೊತ್ತು ಕುಳಿತವಳು ಎದ್ದುಬಿಟ್ಟೆ. ನಾನು ವರ್ಷದಿಂದ ನುಂಗಿಕೊಂಡಿದ್ದ ಪ್ರಶ್ನೆಯೇ ಅತ್ತೆಯ ಬಾಯಿಂದ ಬಂದಿತ್ತು. ಅವರು ತಮ್ಮನ್ನು ಬೈದುಕೊಳ್ಳುತ್ತಿದ್ದರು, ನಾನು ನನ್ನನ್ನು; ಒಂದೇ ಅಡುಗೆಮನೆಯಲ್ಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು.

ಮೇಡಂ ಕನ್ನಡಕ ತೆಗೆದರು. ಬಗ್ಗಿ ನೆಲಕ್ಕೆ ಬಿದ್ದ ಸೌಟನ್ನು ಎತ್ತಿಟ್ಟರು. ಮೀನಿನ ಗಸಿ ಅವರ ಕೈಗೆ ತಾಗಿತು, ಅವರು ಗಮನಿಸಿದ ಹಾಗೆ ಕಾಣಲಿಲ್ಲ.

"ಗೊತ್ತಿಲ್ಲ" ಎಂದರು.

ಅವರ ಬಾಯಿಂದ ಆ ಶಬ್ದ ನಾನು ಕೇಳಿದ್ದು ಅದೇ ಮೊದಲು.

"ಗಾಜಿನ ತಟ್ಟೆಯಲ್ಲಿ ಇಟ್ಟ ಜೀವಕೋಶಕ್ಕೆ ಎಂತ ಆಗ್ತದೆ ಅಂತ ನನಗೆ ಗೊತ್ತುಂಟು. ಇಲಿಗೆ ಎಂತ ಆಗ್ತದೆ ಅಂತ ಸ್ವಲ್ಪ ಗೊತ್ತುಂಟು. ಸುಜಾತನಿಗೆ ಆ ದಿನ ಎಂತ ಆಯಿತು ಅಂತ ನನಗೆ ಗೊತ್ತಿಲ್ಲ ಲೀಲಾವತಿಯಕ್ಕ. ಗೊತ್ತುಂಟು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಸಿರು ನಿಲ್ಲದ್ದಕ್ಕೆ ನೂರು ಕಾರಣ ಉಂಟು, ಹೆಚ್ಚಿನದ್ದು ಯಾರ ಕೈಯಲ್ಲೂ ಇಲ್ಲದ್ದು. ನನ್ನ ಅಪ್ಪಯ್ಯ ಎಷ್ಟೋ ಮದುವೆಗೆ ಪಾಯಸ ಮಾಡಿದವರು. ಹಾಲು ಒಳ್ಳೆಯದೇ, ಬೆಲ್ಲ ಒಳ್ಳೆಯದೇ, ಬೆಂಕಿ ಹದವೇ, ಆದರೂ ಕೆಲವು ದಿನ ಒಡೀತಿತ್ತು. ಸೌಟು ಹಿಡಿದವನ ಮೇಲೆ ಎಲ್ಲರೂ ಬೀಳ್ತಿದ್ದರು. ಅಪ್ಪಯ್ಯ ಮಾತ್ರ ಯಾರನ್ನೂ ಬೈತಿರಲಿಲ್ಲ. 'ಇನ್ನೊಂದು ಪಾತ್ರೆ ಇಡು' ಅಂತಿದ್ದರು, ಅಷ್ಟೇ. ಡಬ್ಬಿ ಬೇಡ ಅಂತ ನಾನು ಹೇಳುವುದು ಮುಂದಿನದಕ್ಕೆ. ಹಿಂದಿನದಕ್ಕಲ್ಲ."

ಅತ್ತೆ ನೆಲದ ಮೇಲೆ ಕುಳಿತು ಅತ್ತರು. ನಾನು ಹೊಟ್ಟೆ ಹಿಡಿದುಕೊಂಡು ಕಷ್ಟಪಟ್ಟು ಪಕ್ಕದಲ್ಲಿ ಕುಳಿತೆ, ನಾನೂ ಅತ್ತುಬಿಟ್ಟೆ. ಮೇಡಂಗೆ ಅಳಲು ಬರುವುದಿಲ್ಲ, ಅವರು ನೆಲ ಒರೆಸಿದರು. ಸ್ವಲ್ಪ ಹೊತ್ತಿಗೆ ಅತ್ತೆ ಸೆರಗಿನಲ್ಲಿ ಮೂಗು ಒರೆಸಿ, ಮೇಡಂ ತಂದ ಪಾಯಸದ ಡಬ್ಬಿಯನ್ನು ಎಳೆದುಕೊಂಡು ಮುಚ್ಚಳ ತೆಗೆದರು. ಮುಚ್ಚಳವನ್ನು ತಿರುಗಿಸಿ ನೋಡಿದರು. ಬೆರಳಿನಿಂದ ಅಂಚನ್ನು ಕೆರೆದರು.

"ಅಲ್ಲ ಟೀಚರೇ, ಈ ಒಳಗಿನ ಬಿಳಿ ರಿಂಗ್ ಎಂತದ್ದು? ಸ್ಟೀಲಿನದ್ದಾ?"

ಮೇಡಂ ಕನ್ನಡಕ ಹಾಕಿಕೊಂಡು ನೋಡಿದರು. ಸೋರದಿರಲೆಂದು ಹೊಸದಾಗಿ ಕೊಂಡ ಡಬ್ಬಿ. ಮುಚ್ಚಳದ ಸುತ್ತ ಒಳಗಡೆ ಪ್ಲಾಸ್ಟಿಕ್ಕಿನ ಉಂಗುರ ಬಿಸಿ ಪಾಯಸದಲ್ಲಿ ನೆನೆದು ಮೆತ್ತಗಾಗಿತ್ತು. ಮೇಡಂನ ಮುಖ ಒಮ್ಮೆ ಕೆಂಪಾಗಿ, ಒಮ್ಮೆ ಬಿಳಿಯಾಗಿ, ಆಮೇಲೆ ಕಾರ್ಕಳದ ಆಸ್ಪತ್ರೆಯಲ್ಲಿ ಬಂದ ಆ ನಗು ಬಂತು. ಅತ್ತೆಗೂ ಬಂತು. ಹೂ ಕಟ್ಟುವವರಿಗೆ, ಬಾಗಿಲಲ್ಲಿ ಇಣುಕುತ್ತಿದ್ದ ಪ್ರವೀಣನಿಗೆ, ಎಲ್ಲರಿಗೂ ಬಂತು. ಮೇಡಂ ಆ ಉಂಗುರವನ್ನು ಕಿತ್ತು ಹಿತ್ತಲಿಗೆ ಎಸೆದರು. ಅತ್ತೆ ಹಬ್ಬಕ್ಕೆಂದು ಅಟ್ಟದಲ್ಲಿಟ್ಟಿದ್ದ ಸ್ಟೀಲ್ ಪಾತ್ರೆ ಇಳಿಸಿ ಗಸಿ ಹಾಕಿದರು. ಉಳಿದ ಪಾಯಸವನ್ನು ಮೇಡಂ ಉಂಗುರವಿಲ್ಲದ ಡಬ್ಬಿಯಲ್ಲಿ ತೆಗೆದುಕೊಂಡು ಹೋದರು; ಬಸ್ಸಿನಲ್ಲಿ ಅದು ಸೋರಿ, ಟಿಕೆಟಿನ ಡಬ್ಬಿಯೊಳಗೂ ಪಾಯಸವಾಯಿತಂತೆ.

ಮಗಳು ಹುಟ್ಟಿದ್ದು ಕಾರ್ಕಳದ ಅದೇ ಆಸ್ಪತ್ರೆಯಲ್ಲಿ. ಚೆನ್ನಾಗಿಯೇ ಹುಟ್ಟಿದಳು, ಊರು ಕೇಳುವ ಹಾಗೆ ಕೂಗಿದಳು. ಇತ್ತ ನಾನು ಅರೆಗಣ್ಣಿನಲ್ಲಿ ಮಲಗಿದ್ದರೆ ಅತ್ತ ಹೊರಗೆ ಇನ್ನೊಂದು ಯುದ್ಧ. ನಮ್ಮ ಮನೆಯ ಪದ್ಧತಿಯಂತೆ ಮಗುವಿನ ಕಸವನ್ನು ಹಿತ್ತಲಿನ ತೆಂಗಿನ ಬುಡದಲ್ಲಿ ಹೂಳಬೇಕು. ಅತ್ತೆ ಬರುವಾಗಲೇ ತಮ್ಮ ಮದುವೆಗೆ ಬಂದ ಎರಡು ಸ್ಟೀಲ್ ಡಬ್ಬಿ ತಂದಿದ್ದರು. ಡಾಕ್ಟರು, ಅದನ್ನು ಮನೆಗೆ ಕೊಡುವ ಹಾಗಿಲ್ಲ ಎಂದು ನಿಯಮ ಹೇಳಿದರು. ಅತ್ತೆಯ ಎದುರು ನಿಯಮ ಎಷ್ಟು ಹೊತ್ತು ನಿಲ್ಲುತ್ತದೆ? ಕೊನೆಗೆ ಡಾಕ್ಟರೇ ಕೈಮುಗಿದು ಒಪ್ಪಿದರು. ಅಷ್ಟರಲ್ಲಿ ಮಗು ನೋಡಲು ಮೇಡಂ ಬಂದರು.

"ಅರ್ಧ ತೆಂಗಿಗೆ, ಅರ್ಧ ನಿಮಗೆ" ಎಂದು ಅತ್ತೆ ಒಂದು ಡಬ್ಬಿಯನ್ನು ಮುಂದೆ ಚಾಚಿದರು.

"ಇದು ನಮಗೆ ಆಗುವುದಿಲ್ಲ ಲೀಲಾವತಿಯಕ್ಕ. ಲ್ಯಾಬಿನವರದ್ದನ್ನು ಲ್ಯಾಬಿನ ಸಂಶೋಧನೆಗೆ ಸೇರಿಸುವ ಹಾಗಿಲ್ಲ. ಅದಲ್ಲದೆ ಒಂದು ಚೂರು ಸಾಕು, ಇಷ್ಟು ಬೇಡ."

"ಅಡುಗೆಯವರ ಮಗಳು ಅಂತೀರಿ, ಕೊಟ್ಟದ್ದನ್ನು ಬೇಡ ಅನ್ನಬಾರದು ಅಂತ ಗೊತ್ತಿಲ್ವಾ? ತಗೊಳ್ಳಿ. ರಿಂಗ್ ಇಲ್ಲದ ಡಬ್ಬಿ."

ಮೇಡಂ ತೆಗೆದುಕೊಂಡರು. ಯಾವ ಲೆಕ್ಕಕ್ಕೂ ಸೇರದ ಆ ಡಬ್ಬಿ ನಮ್ಮ ಫ್ರೀಜರಿನ ಮೂಲೆಯಲ್ಲಿ ವರ್ಷಗಟ್ಟಲೆ ಕುಳಿತಿತ್ತು. ಮೇಲೆ ಗುಂಡು ಅಕ್ಷರದಲ್ಲಿ 'ಖಂಡಿತ ಕಸ ಅಲ್ಲ' ಎಂದಿತ್ತು. ಖಂಡಿತ ಎಂಬುದು ಆ ಒಂದು ಡಬ್ಬಿಗೆ ಮಾತ್ರ.

ನಿವೃತ್ತಿಯ ದಿನ ಮೇಡಂ ಭಾಷಣ ಮಾಡಲಿಲ್ಲ, ಶಾಲು ಹೊದಿಸಿದವರಿಗೆ ಅದು ನೈಲಾನೋ ಹತ್ತಿಯೋ ಎಂದು ಮಾತ್ರ ಕೇಳಿದರು. ಸಂಜೆ ಫ್ರೀಜರಿನಿಂದ ಆ ಡಬ್ಬಿ ತೆಗೆದು ಐಸಿನ ಜೊತೆ ನನ್ನ ಕೈಗೆ ಕೊಟ್ಟರು. "ನಿನ್ನ ಮಗಳ ಚಪ್ಪರದ ಒಲೆ ಮಾರಾಯ್ತಿ. ನಾನು ಹೋದ ಮೇಲೆ ಯಾರಾದರೂ ಬಿಸಾಡ್ತಾರೆ. ತೆಂಗಿನ ಬುಡಕ್ಕೆ ಹಾಕು. ಚೆನ್ನಾಗಿ ಉರಿದ ಒಲೆ, ಕಸಕ್ಕೆ ಹೋಗಬಾರದು." ಮೆಟ್ಟಿಲಿಳಿದು ಹೋಗುವಾಗ ಖಣಖಣ ಕೇಳುತ್ತಲೇ ಇತ್ತು. ನಾನು ಕೊನೆಯ ಮೆಟ್ಟಿಲಿನವರೆಗೂ ಕೇಳಿಸಿಕೊಂಡು ನಿಂತೆ. ಅವರನ್ನು ನಾನು ನೋಡಿದ್ದು ಅದೇ ಕೊನೆ. ಆ ಮಳೆಗಾಲ ಮುಗಿಯುವುದರೊಳಗೆ, ಮಲಗಿದಲ್ಲಿಯೇ ಹೋಗಿಬಿಟ್ಟರು.

ಅವರ ಉತ್ತರಕ್ರಿಯೆಯ ಕಡೆಯ ದಿನದ ಊಟ ಉಡುಪಿಯ ಒಂದು ಸಭಾಭವನದಲ್ಲಿ ಇತ್ತು. ನಾನು, ಅತ್ತೆ, ಮಗಳು ಒಂದೇ ಸಾಲಿನಲ್ಲಿ ಎಲೆಯ ಮುಂದೆ ಕುಳಿತೆವು. ಅಡುಗೆ ಅವರ ಅಪ್ಪಯ್ಯನ ಕೈಕೆಳಗೆ ಪಳಗಿದವರದ್ದೇ. ಸಾರಿನ ಪರಿಮಳ ಬಂತು. ತಲೆ ತಗ್ಗಿಸಿ ಕುಳಿತೆ. ಪಾಯಸದ ಸರದಿ ಬಂತು. ಬಡಿಸುವವನ ಮುಂದೆ ಇನ್ನೊಬ್ಬ ತೆಳು ಪ್ಲಾಸ್ಟಿಕ್ ಕಪ್ಪುಗಳನ್ನು ಎಲೆಯ ಪಕ್ಕದಲ್ಲಿ ಇಡುತ್ತ ಬರುತ್ತಿದ್ದ.

ಆಗ ಖಣಖಣ ಎಂದು ಕೇಳಿತು.

ನಾನು ಬಾಗಿಲ ಕಡೆ ತಿರುಗಿದೆ. ತಡವಾಗಿ ಬಂದಿರಬೇಕು, ಬಸ್ಸು ಸಿಕ್ಕಿರಲಿಕ್ಕಿಲ್ಲ, ಈಗ ಎಲ್ಲರ ಮುಂದೆ ನನ್ನ ಮಾನ ಕಳೆಯುತ್ತಾರೆ ಎಂದು ಒಂದು ಗಳಿಗೆ ನಿಜವಾಗಿಯೂ ಅಂದುಕೊಂಡೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಸದ್ದು ನನ್ನ ಪಕ್ಕದಿಂದಲೇ ಬಂದಿತ್ತು. ಅತ್ತೆ ತಮ್ಮ ಬಟ್ಟೆಯ ಚೀಲದೊಳಗೆ ಕೈಹಾಕಿ ಮೂರು ಸ್ಟೀಲ್ ಲೋಟ ಹೊರಗೆ ತೆಗೆದು, ಒಂದನ್ನು ಮೊಮ್ಮಗಳ ಮುಂದೆ, ಒಂದನ್ನು ನನ್ನ ಮುಂದೆ ಇಟ್ಟು, ಬಡಿಸುವವನಿಗೆ ಕೈ ಅಡ್ಡ ಹಿಡಿದಿದ್ದರು.

"ಆ ಕಪ್ಪು ತೆಗಿ ಮಾರಾಯ. ಬಿಸಿ ಪಾಯಸ ಅದಕ್ಕೆ ಹಾಕ್ತಾರಾ? ಯಾರ ಮನೆಯ ಊಟ ಅಂತ ಗೊತ್ತುಂಟಾ ನಿನಗೆ?"